ಅಂಬಾಸಿಡರ್ ಕೆಳಗಿನ ಬೀಗರೂಟ

ಭಾನುವಾರ ನಮ್ಮ ಮನೆಗೆ ಬಂದವರಿಗೆ ಯಜಮಾನರ ದರ್ಶನವೆಂದರೆ ಎರಡು ಪಾದ ಮಾತ್ರ. ಉಳಿದ ಶರೀರ ಅಂಬಾಸಿಡರ್ ಕಾರಿನ ಕೆಳಗೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಗೋಣಿಚೀಲದ ಮುರುಗೇಶಪ್ಪ ಎಂದರೆ ಒಂದು ಮರ್ಯಾದೆ ಇದೆ. ವಾರವೆಲ್ಲ ಗರಿಗರಿ ಬಿಳಿ ಅಂಗಿ ತೊಟ್ಟು ಸಗಟು ವ್ಯಾಪಾರ ಮಾಡುವ ಮನುಷ್ಯ, ಭಾನುವಾರ ಬಂತೆಂದರೆ ಹರಕು ಬನಿಯನ್ನಿನಲ್ಲಿ ಮಲಗಿ, ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕಿಸಿಕೊಂಡು "ಆಹಾ" ಅನ್ನುತ್ತಿರುತ್ತಾರೆ. ಆ ಕಾರು ನನ್ನ ಮಾವನವರದ್ದು. ಅವರ ಕಾಲದಲ್ಲೂ ಅದು ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಆದರೂ ಅದನ್ನು ಮಾರಿ ಎಂದರೆ ಸಾಕು, ನಾನು ಅವರ ಕಿಡ್ನಿ ಕೇಳಿದೆನೇನೋ ಎಂಬಂತೆ ನೋಡುತ್ತಿದ್ದರು.

ಹೋಗಲಿ, ಗಂಡಸರಿಗೆ ಒಂದು ಹುಚ್ಚು ಇರಬೇಕು, ಇಸ್ಪೀಟಿಗಿಂತ ಇದು ವಾಸಿ ಎಂದು ಸುಮ್ಮನಿದ್ದೆ. ಆದರೆ ಅವರು ಕಾರನ್ನು ನಿಲ್ಲಿಸುತ್ತಿದ್ದ ರೀತಿ ಇದೆಯಲ್ಲ, ದೇವರಿಗೇ ಪ್ರೀತಿ. ತುಕ್ಕು ಹಿಡಿದ ಒಂದು ಜಾಕಿ, ಎರಡು ಸೈಜುಗಲ್ಲು, ಅದರ ಮೇಲೆ ಕಾರು, ಅದರ ಕೆಳಗೆ ನನ್ನ ಗಂಡ. ಒಂದು ಭಾನುವಾರ ನಾನು ಬಿಸಿ ಮಿರ್ಚಿ ಬಜ್ಜಿ ಕರಿದು, ಆರಿದರೆ ನಾನು ಜವಾಬ್ದಾರಳಲ್ಲ ಎಂದು ಕೂಗಿದೆ. ಎದ್ದು ಬಂದರು. ಮೊದಲ ಮಿರ್ಚಿ ಕಚ್ಚುವಷ್ಟರಲ್ಲಿ ಹೊರಗೆ ಧಡಾರ್ ಎಂದಿತು. ಓಡಿ ಹೋಗಿ ನೋಡಿದರೆ ಸೈಜುಗಲ್ಲು ಎರಡು ಹೋಳಾಗಿ, ಕಾರು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತಿತ್ತು. ಅವರು ತಲೆಯಿಡಲು ಹಾಸಿಕೊಂಡಿದ್ದ ಗೋಣಿಚೀಲ ಕಾಣುತ್ತಲೇ ಇರಲಿಲ್ಲ.

ನಾನು ಅಯ್ಯೋ ಎಂದು ಇವರ ತೋಳು ಹಿಡಿದುಕೊಂಡೆ. ಇವರು ಮಾತ್ರ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡೇ, "ಮಿರ್ಚಿ ಉಳಿಸ್ತು ನೋಡು ಉಮಾ," ಎಂದು ನಕ್ಕರು.

"ನಗಬ್ಯಾಡ್ರಿ!" ಎಂದೆ. "ಇನ್ನೊಂದ್ಸಲ ಕಲ್ಲಿನ ಮೇಲೆ ಗಾಡಿ ನಿಲ್ಸಿ ಕೆಳಗೆ ಹೋದ್ರೆ ನಾನೇ ಇದಕ್ಕೆ ಬೆಂಕಿ ಹಚ್ತೀನಿ. ಗ್ಯಾರೇಜ್‌ನಾಗೆ ಕಾರು ಎತ್ತೋ ಲಿಫ್ಟ್ ಇರ್ತೈತಲ್ಲ, ಅಂಥದ್ದು ತರ್ರಿ. ಇಲ್ಲಾಂದ್ರೆ ಗುಜರಿಗೆ ಹಾಕ್ರಿ."

"ಮನೇಗೆ ಲಿಫ್ಟಾ? ಎಲ್ಲಾರ ಉಂಟೇನು?" ಎಂದರು. ಬಾಯಲ್ಲಿ ಹಾಗಂದರೂ ಮುಖ ಮದುವಣಿಗನ ಹಾಗೆ ಅರಳಿತ್ತು.

ಪಿ.ಬಿ. ರಸ್ತೆಯಲ್ಲಿ ಗ್ಯಾರೇಜು ಸಾಮಾನಿನ ದೊಡ್ಡ ಅಂಗಡಿ ಇದೆ. ಅದರ ಒಡತಿ ಪ್ರೇಮಲತಾ, ನನ್ನ ಮಗಳ ವಯಸ್ಸಿನವಳು, ಮಾತಿನಲ್ಲಿ ನನ್ನ ಅಕ್ಕನಂಥವಳು. ಅಂಗಡಿಯಲ್ಲಿ ಇವರು ಲಿಫ್ಟುಗಳ ಬಣ್ಣ ನೋಡುತ್ತಾ, ಮೋಟಾರು ಸವರುತ್ತಾ ಓಡಾಡಿದರು. ನಾನು ಒಂದೇ ಪ್ರಶ್ನೆ ಕೇಳಿದೆ.

"ಇವ್ರು ಕೆಳಗಿದ್ದಾಗ ಏನಾರ ಕೆಟ್ರೆ, ಗಾಡಿನ ಹಿಡಿಯೋದು ಯಾವ್ದಮ್ಮಾ?"

ಪ್ರೇಮಲತಾ ಕುರ್ಚಿ ಬಿಟ್ಟು ಎದ್ದಳು. "ಅಕ್ಕಾರ, ಇದನ್ನ ಮೊದ್ಲು ಕೇಳಿದವ್ರು ನೀವೇ. ಎಲ್ರೂ ಎಷ್ಟು ಭಾರ ಎತ್ತೈತೆ ಅಂತಾರೆ, ಎತ್ತಿದ ಮೇಲೆ ಯಾರು ಹಿಡೀತಾರೆ ಅಂತ ಕೇಳಂಗಿಲ್ಲ. ನೋಡ್ರಿ, ಎತ್ತೋದು ಪೈಪಿನಾಗೆ ಒತ್ತೋ ಎಣ್ಣೆ. ಹಿಡಿಯೋದು ಎಣ್ಣೆ ಅಲ್ಲ, ಕಂಬದಾಗಿರೋ ಈ ಕಬ್ಬಿಣದ ಹಲ್ಲು. ಏರಿಸಿ, ಭಾರ ಪೂರಾ ಹಲ್ಲಿನ ಮೇಲೆ ಕೂರಿಸಿ, ಆಮೇಲೆ ಕೆಳಗೆ ಹೋಗ್ಬೇಕು. ಆವಾಗ ಪೈಪ್ ಒಡದ್ರೂ, ಕರೆಂಟ್ ಹೋದ್ರೂ ಗಾಡಿ ಬೀಳಂಗಿಲ್ಲ. ಹಲ್ಲಿಲ್ಲದ ಲಿಫ್ಟ್ ಯಾರು ಪುಕ್ಸಟ್ಟೆ ಕೊಟ್ರೂ ತಗಾಬ್ಯಾಡ್ರಿ."

ನಮ್ಮ ನೆಲ ಎರೆಮಣ್ಣಿನದು, ಮೇಲೆ ಟೈಲ್ಸ್ ಹಾಕಿದ್ದೇವೆ ಎಂದದ್ದಕ್ಕೆ, ಎರಡು ಕಂಬದ್ದು ಬೇಡವೇ ಬೇಡ, ಅದು ನೆಲವನ್ನೇ ಕಿತ್ತುಕೊಂಡು ವಾಲೀತು, ನಾಲ್ಕು ಕಂಬದ್ದು ತೆಗೆದುಕೊಳ್ಳಿ ಎಂದಳು. ಛಾವಣಿ ಎಷ್ಟು ಎತ್ತರ ಎಂದಳು. ಇವರು ಮನೆಗೆ ಬಂದು ಜೇಡರ ಬಲೆ ತೆಗೆಯುವ ಕೋಲಿನಿಂದ ಅಳೆದು, ಫೋನಿನಲ್ಲಿ "ಒಂದು ಕೋಲು, ಅದರ ಮೇಲೊಂದು ಮೊಳ" ಎಂದರು. ಆಕೆ ಟೇಪು ಕೊಟ್ಟು ಆಳು ಕಳಿಸಿದಳು. ಅಂತೂ ಎಲ್ಲ ಸರಿಹೊಂದುವ ಒಂದು ಲಿಫ್ಟು ಗೊತ್ತಾಯಿತು. ನಾನು ನೆಮ್ಮದಿಯಿಂದ ಒಂದು ಲೋಟ ಚಹಾ ಕುಡಿದೆ.

ಆ ಚಹಾ ಗಂಟಲಿಳಿಯುವುದರೊಳಗೆ ಇವರು ಹರಿಹರಕ್ಕೆ ಫೋನು ಮಾಡಿ ಹೇಳಿಕೊಂಡಿದ್ದರು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಬೇಕಲ್ಲ!

ಹರಿಹರದಲ್ಲಿ ನಮ್ಮ ಬೀಗರು ಇದ್ದಾರೆ. ನಮ್ಮ ಮಗಳು ತನುಶ್ರೀಯ ಮಾವ, ಕಲ್ಲೇಶಪ್ಪ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮನೆಯ ಪಕ್ಕದಲ್ಲೇ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಕಬ್ಬಿಣ ಕಂಡರೆ ಅವರಿಗೆ ಕೈ ತುರಿಸುತ್ತದೆ. ನಮ್ಮ ಗೇಟು ಅವರು ಮಾಡಿದ್ದು. ತೆಗೆಯಲು ಇಬ್ಬರು ಬೇಕು. ಅಷ್ಟು ಗಟ್ಟಿ.

"ಅಂಗಡಿಯಿಂದ ತರ್ತೀರಾ?" ಎಂದು ಅವರು ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. "ಯಾಕ ಬೀಗರ, ನಾನು ಸತ್ತೀನೇನು? ಹರಿಹರದಾಗೆ ಆಗದೇ ಇರೋ ಕಬ್ಬಿಣದ ಕೆಲಸ ಯಾವ್ದೈತೆ? ಲಿಫ್ಟ್ ನಂದು. ನನ್ನ ಕಡೆಯಿಂದ ನಿಮಗೆ ಉಡುಗೊರೆ. ಮುಗೀತು."

ಬೀಗರ ಉಡುಗೊರೆಯನ್ನು ಬೇಡ ಅನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಇವರು ಹಲ್ಲು ಕಿರಿದು "ಹೂಂ" ಎಂದುಬಿಟ್ಟರು. ನಾನು ಲಟ್ಟಣಿಗೆ ಹಿಡಿದು ಹೊರಬಂದಾಗ ಫೋನು ಇಟ್ಟಾಗಿತ್ತು.

ಕೆಲವು ವಾರದ ಮೇಲೆ ಲಿಫ್ಟು ನೋಡಲು ಅಂಬಾಸಿಡರಿನಲ್ಲೇ ಹರಿಹರಕ್ಕೆ ಹೋದೆವು. ದಾರಿಯಲ್ಲಿ ಅದು ನನಗಿಂತ ಹೆಚ್ಚು ನೀರು ಕುಡಿಯಿತು. ವರ್ಕ್‌ಶಾಪಿನಲ್ಲಿ ನಾಲ್ಕು ಕಂಬ ನಿಂತಿದ್ದವು, ಒಂದೊಂದೂ ನನ್ನ ತೊಡೆಯ ದಪ್ಪ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತಾರೆ. ನಾನು ಎಣಿಸಲು ಹೋದೆ. ಹಲ್ಲು ಇರಲೇ ಇಲ್ಲ.

"ಬೀಗರ, ಕಂಬಕ್ಕೆ ಹಲ್ಲು ಎಲ್ಲೈತ್ರಿ?" ಎಂದೆ, ಆದಷ್ಟು ಮೆತ್ತಗೆ.

"ಹಲ್ಲು ಎದಕ್ಕೆ ಅಕ್ಕಾರ? ಇದು ಟ್ರೈಲರ್ ಎತ್ತೋ ಜಾಕಿ. ಕಬ್ಬು ತುಂಬಿದ ಟ್ರೈಲರ್ ಎತ್ತೈತೆ, ನಿಮ್ಮ ಅಂಬಾಸಿಡರ್ ಇದಕ್ಕೆ ಕಡ್ಲೆಪುರಿ." ಅವರು ಸುತ್ತಿಗೆಯಿಂದ ಕಂಬಕ್ಕೆ ಒಂದೇಟು ಹಾಕಿದರು. ಠಣ್ ಎಂದಿತು. "ಸೌಂಡ್ ಕೇಳಿದ್ರಾ?"

ಕಬ್ಬಿನ ಟ್ರೈಲರ್ ಎತ್ತಿದಾಗ ಅದರ ಕೆಳಗೆ ಯಾರೂ ಮಲಗಿರುವುದಿಲ್ಲ ಎಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ತನುಶ್ರೀ ನನ್ನ ಸೆರಗು ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಅಮ್ಮಾ, ಕೈ ಮುಗೀತೀನಿ, ಬ್ಯಾಡ ಅನ್ಬ್ಯಾಡ. ವರ್ಕ್‌ಶಾಪ್‌ನಾಗೆ ಕೆಲಸ ಕಮ್ಮಿ ಆಗಿ ಮಾವಾರು ಬಾಗ್ಲಿಗೆ ಕುರ್ಚಿ ಹಾಕ್ಕಂಡು ರಸ್ತೆ ನೋಡ್ತಾ ಕೂರ್ತಿದ್ರು. ಯಾರ ಹತ್ರಾನೂ ಮಾತಿಲ್ಲ. ಈ ಲಿಫ್ಟ್ ಹಿಡಿದ ಮೇಲೆ ಎರಡು ರೊಟ್ಟಿ ಜಾಸ್ತಿ ತಿಂತಾರೆ, ಸಿಳ್ಳೆ ಹೊಡೀತಾರೆ. ನೀನು ಒಂದ್ ಮಾತು ಅಂದ್ರೆ ಮುಗೀತು, ನಾನು ಈ ಮನೇಲಿ ಹೆಂಗೆ ಮುಖ ಎತ್ತಲಿ?"

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇಡ ಎಂದರೆ ಮಗಳ ಮನೆ ಮುರಿಯುತ್ತದೆ. ಹೂಂ ಎಂದರೆ ಪ್ರತಿ ಭಾನುವಾರ ನನ್ನ ಗಂಡ ಎಣ್ಣೆಯ ಭರವಸೆಯ ಮೇಲೆ ಮಲಗುತ್ತಾರೆ. ವಾಪಸು ಬರುವಾಗ ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ಇವರಿಗೆ ಭಯ. "ಏನಾತು ಉಮಾ?" ಎಂದು ಊರು ದಾಟಿ ಆವರಗೆರೆಯವರೆಗೂ ಓಡಿಸಿ ಸುತ್ತು ಹಾಕಿಸಿದರು, ಮೂಡು ಸರಿಹೋಗಲೆಂದು. ಸರಿಹೋಗಲಿಲ್ಲ. ಆದರೆ ಸುತ್ತು ಮುಗಿಯುವ ಹೊತ್ತಿಗೆ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾವ ಶುಭಕಾರ್ಯದಲ್ಲೂ ನಮ್ಮಲ್ಲಿ ಮೊದಲ ಮರ್ಯಾದೆ ಬೀಗರಿಗೆ. ಲಿಫ್ಟು ಬರಲಿ, ಪೂಜೆಯಾಗಲಿ, ಕಾರು ಮೇಲೇರಲಿ. ಆಮೇಲೆ ಅದರ ಕೆಳಗೆ ಜಮಖಾನ ಹಾಸಿ, ಬೀಗರೇ ಮೊದಲು ನೀವು ಕೂತು ತಾಂಬೂಲ ತೆಗೆದುಕೊಳ್ಳಿ ಎನ್ನುವುದು. ಕತ್ತೆತ್ತಿ ಕಾರಿನ ಹೊಟ್ಟೆ ನೋಡಿದರೆ ಎಂಥ ಫಿಟ್ಟರನೂ ಎರಡು ಸಲ ಯೋಚಿಸುತ್ತಾನೆ. ಏನೋ ಒಂದು ನೆಪ ಹೇಳಿ ಹಿಂದೆ ಸರಿಯುತ್ತಾರೆ. ಆಗ ನಾನು ನಗುತ್ತಾ, ನಿಮಗೆ ಬೇಡವಾದದ್ದು ನಮ್ಮವರಿಗೂ ಬೇಡ ಬಿಡಿ ಎಂದರಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಮಾವಾಸ್ಯೆಯ ದಿನ ಟ್ರ್ಯಾಕ್ಟರಿನಲ್ಲಿ ಲಿಫ್ಟು ಬಂತು. ಹಿಂದೆಯೇ ಆಟೋದಲ್ಲಿ ಬೀಗರು, ಬೀಗತಿ ಕೊಟ್ರಮ್ಮ, ತನುಶ್ರೀ. ಅಳಿಯನಿಗೆ ಹದಡಿಯಲ್ಲಿ ಮೋಟಾರು ರಿಪೇರಿ ಇತ್ತು, ಬರಲಿಲ್ಲ. ಕಂಬ ನಿಲ್ಲಿಸಿ, ಬೋಲ್ಟು ಬಿಗಿದು, ಕಾರು ಹತ್ತಿಸುವ ಹೊತ್ತಿಗೆ ಊಟದ ಸಮಯವಾಗಿತ್ತು. ಕಾಯಿ ಒಡೆದೆವು, ನಿಂಬೆಹಣ್ಣು ಕೊಯ್ದೆವು. ಬೀಗರು ಗುಂಡಿ ಒತ್ತಿದರು. ಮಾವನವರ ಅಂಬಾಸಿಡರ್ ಗುಯ್ ಎನ್ನುತ್ತಾ ಮೇಲೆದ್ದಿತು. ನನ್ನ ಗಂಡ ಚಪ್ಪಾಳೆ ತಟ್ಟಿದರು.

ನಾನು ಹೊಸ ಜಮಖಾನ ತಂದು ಕಾರಿನ ಕೆಳಗೆ ಹಾಸಿದೆ. ತಾಂಬೂಲದ ತಟ್ಟೆ ಇಟ್ಟೆ. ಎರಡೂ ಕೈ ಮುಗಿದು, "ಬರ್ರಿ ಬೀಗರ, ಮೊದ್ಲು ನೀವು ಕೂಡ್ರಿ. ನಿಮ್ಮ ಕೈಕೆಲಸ, ಮೊದಲ ಮರ್ಯಾದೆ ನಿಮ್ದು," ಎಂದೆ.

ಕಲ್ಲೇಶಪ್ಪನವರು ಒಂದು ಗಳಿಗೆ ಮೇಲೆ ನೋಡಿದರು. ಸಿಕ್ಕರು ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟರು, ಬಗ್ಗಿ ಒಳನುಗ್ಗಿದರು, ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತರು.

"ಬರೀ ತಾಂಬೂಲ ಯಾಕ್ರಿ?" ಎಂದು ಗುಡುಗಿದರು. "ಊಟಾನೇ ಇಲ್ಲಿ ಆಗ್ಲಿ! ಹೋಳಿಗೆ ತರ್ರಿ!"

ನನ್ನ ಉಪಾಯ ಅಲ್ಲೇ ಮಕಾಡೆ ಮಲಗಿತು. ಅಷ್ಟೇ ಆಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ಗಂಡ ಒಬ್ಬನೇ ಕೂತದ್ದು ನೋಡಿ ಕೊಟ್ರಮ್ಮ ಸೆರಗು ಹೊದ್ದು, "ಓಂ ನಮಃ ಶಿವಾಯ" ಎನ್ನುತ್ತಾ ಹೋಗಿ ಪಕ್ಕದಲ್ಲಿ ಕೂತರು. ಬೀಗರಿಬ್ಬರೂ ಕೂತ ಮೇಲೆ ಮನೆಯ ಯಜಮಾನ ನಿಂತಿರುವುದು ಚೆನ್ನವೇ? ಇವರೂ ನುಗ್ಗಿದರು. ಅತ್ತೆ, ಮಾವ, ಅಪ್ಪ ಕೂತ ಮೇಲೆ ಸೊಸೆ ಹೊರಗೆ ನಿಂತರೆ ಏನಂದಾರು? ತನುಶ್ರೀ ನೀರಿನ ಚೊಂಬು ಹಿಡಿದು ಹೋಗಿ ತುದಿಯಲ್ಲಿ ಕೂತಳು. ಅವರ ತಲೆಗೂ ಕಾರಿನ ಹೊಟ್ಟೆಗೂ ಒಂದು ಮೊಳ ಅಂತರ. ಯಾವ ಕಾರು ಒಬ್ಬ ಮನುಷ್ಯನ ಮೇಲೆ ಬೀಳದಿರಲೆಂದು ನಾನು ಊರೂರು ತಿರುಗಿದ್ದೆನೋ, ಅದರ ಕೆಳಗೆ ಈಗ ನನ್ನ ಇಡೀ ಸಂಸಾರ ತಟ್ಟೆ ಇಟ್ಟುಕೊಂಡು ಹೋಳಿಗೆಗೆ ಕಾಯುತ್ತಿತ್ತು.

ಏನು ಮಾಡಲಿ? ಬಡಿಸಿದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಕೋಸಂಬರಿ ಹಾಕಿದೆ, ಪಲ್ಯ ಹಾಕಿದೆ, ಹೋಳಿಗೆ ಹಾಕಿದೆ. ಬೀಗರು ಜೋರಾಗಿ ಮಾತಾಡುತ್ತಿದ್ದರು, ನನ್ನ ಗಂಡ ಬಸ್ಸು ತಪ್ಪೀತೆಂದು ಹೆದರಿದವರ ಹಾಗೆ ಗಬಗಬ ತಿನ್ನುತ್ತಿದ್ದರು. ತುಪ್ಪದ ಗಿಂಡಿ ಹಿಡಿದು ನಾಲ್ಕನೆಯ ಬಾರಿ ಬಗ್ಗಿದಾಗ ನನ್ನ ಮಣಿಕಟ್ಟಿನ ಮೇಲೆ ಏನೋ ಬೆಚ್ಚಗೆ ಬಿತ್ತು. ಎಣ್ಣೆ. ಕಾರಿನದೋ, ಲಿಫ್ಟಿನದೋ ಯಾರಿಗೆ ಗೊತ್ತು.

"ಏಳ್ರಿ!" ಎಂದು ಚೀರಿದೆ. "ಎಲ್ರೂ ಏಳ್ರಿ ಹೊರಗೆ!"

"ಯಾಕ ಅಕ್ಕಾರ, ಇನ್ನೂ ಅನ್ನ ಬಂದಿಲ್ಲ," ಎಂದರು ಬೀಗರು.

"ಅನ್ನ ಹಾಳಾಗಿ ಹೋಗ್ಲಿ! ನಂಗೆ ನಿಮ್ಮ ಲಿಫ್ಟಿನ ಮೇಲೆ ನಂಬಿಕೆ ಇಲ್ರಿ ಬೀಗರ. ಮೊದಲ ದಿನದಿಂದ ಇಲ್ಲ. ಅದಕ್ಕೆ ಹಲ್ಲಿಲ್ಲ, ಪೈಪ್ ಒಡದ್ರೆ ಹಿಡಿಯೋದು ಏನೂ ಇಲ್ಲ. ನಮ್ಮನೆಯವ್ರನ್ನ ಇದರ ಕೆಳಗೆ ಬಿಡಂಗಿಲ್ಲ, ನಿಮ್ಮನ್ನೂ ಬಿಡಂಗಿಲ್ಲ. ಬೈರಿ, ಉಗೀರಿ, ಮಗಳನ್ನ ಬೇಕಾದ್ರೆ ತವರಿಗೇ ಕಳಿಸ್ರಿ. ಮೊದ್ಲು ಹೊರಗೆ ಬರ್ರಿ!"

ತನುಶ್ರೀ ಮುಖ ಮುಚ್ಚಿಕೊಂಡಳು. ನಾಲ್ವರೂ ಎಂಜಲು ಕೈಯಲ್ಲೇ, ತಟ್ಟೆ ಅಲ್ಲೇ ಬಿಟ್ಟು, ತೆವಳಿಕೊಂಡು ಹೊರಬಂದರು. ಕಲ್ಲೇಶಪ್ಪನವರ ಮುಖ ಕೆಂಪಗಾಗಿತ್ತು. ನಲ್ಲಿಯಲ್ಲಿ ಕೈ ತೊಳೆದು, ತಮ್ಮ ಚೀಲದಿಂದ ಸ್ಪ್ಯಾನರ್ ತೆಗೆದರು.

"ವಾಲ್ವ್ ಹಾಕೀನಿ ಅಕ್ಕಾರ. ಪೈಪ್ ಒಡದ್ರೂ ವಾಲ್ವ್ ಎಣ್ಣೆ ತಡೆದು ಹಿಡೀತೈತೆ. ಕಬ್ಬಿಣದಾಗೆ ಹಲ್ಲು ಸವೆಸಿದವನು ನಾನು. ಒಡೆಯೋದ್ಯಾಕ, ನಾನೇ ಪೈಪ್ ಬಿಚ್ಚಿ ತೋರಿಸ್ತೀನಿ. ಆಮೇಲೆ ನಾನು ಈ ಮನೆ ಮೆಟ್ಲು ಹತ್ತಂಗಿಲ್ಲ."

"ಬ್ಯಾಡ ಬೀಗರ," ಎಂದು ಇವರು ಕೈ ಹಿಡಿಯಲು ಹೋದರು. ಬೀಗರು ಕೈ ಕೊಡವಿ, ಕಂಬದ ಹೊರಗಡೆ ನಿಂತು, ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಒಂದು ಸುತ್ತು ತಿರುಗಿತು. ಇನ್ನೊಂದಕ್ಕೆ ಎಣ್ಣೆ ಪಿಚಕ್ಕನೆ ಅವರ ಅಂಗಿಗೆ ಹಾರಿತು. ಆಮೇಲೆ ಆದದ್ದನ್ನು ಹೇಳಲು ಹೊತ್ತು ಹಿಡಿಯುತ್ತದೆ, ಆಗಲು ಹಿಡಿಯಲಿಲ್ಲ. ನೆಲ ಅದುರಿತು. ಕಿಟಕಿಯ ಗಾಜು ಝಲ್ಲೆಂದಿತು. ಧೂಳು ಇಳಿದ ಮೇಲೆ ನೋಡಿದರೆ ಕಾರು ತಾನು ಹತ್ತಿ ನಿಂತಿದ್ದ ಅಡ್ಡ ತೊಲೆಗಳ ಸಮೇತ ನೆಲದ ಮೇಲೆ ಕೂತಿತ್ತು. ಅಡ್ಡ ತೊಲೆಯ ಕೆಳಗಿನಿಂದ ಒಂದು ಸ್ಟೀಲು ತಟ್ಟೆಯ ಅಂಚು ಹೊರಗೆ ಚಾಚಿತ್ತು, ಹಪ್ಪಳದಷ್ಟು ತೆಳ್ಳಗೆ. ಅದರಲ್ಲಿ ಅರ್ಧ ಹೋಳಿಗೆ ಇನ್ನೂ ಅಂಟಿಕೊಂಡಿತ್ತು.

ಮೊದಲು ಮಾತಾಡಿದವರು ಕೊಟ್ರಮ್ಮ. ಗಂಡನ ಎದುರು ಅವರು ಬಾಯಿ ಬಿಟ್ಟದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

"ಕೂತಾಗಿಂದ ನನ್ನ ಜೀವ ಹೊಡ್ಕಂತಿತ್ತು," ಎಂದರು. "ಇವ್ರು ಮಾಡಿದ್ದಕ್ಕೆ ನಾನೇ ಹೆದರಿದ್ರೆ ಬೀಗರ ಮುಂದೆ ಇವ್ರ ಮಾನ ಏನಾಗ್ಬೇಕು ಅಂತ ಕೂತೆ."

"ನಂಗೂ ಹೆದರಿಕೆನೇ," ಎಂದರು ನನ್ನ ಗಂಡ ನೆಲ ನೋಡುತ್ತಾ. "ಬೀಗರಿಗೆ ಬೇಜಾರಾಗ್ಬಾರ್ದು ಅಂತ ಬೇಗ ಬೇಗ ತಿಂದೆ."

ತನುಶ್ರೀ ಅಳುತ್ತಾ, "ನೀವೆಲ್ರೂ ಕೂತಿದ್ರಲ್ಲ ಅಂತ," ಎಂದಳು.

ಕಲ್ಲೇಶಪ್ಪನವರ ಕೈಯಿಂದ ಸ್ಪ್ಯಾನರ್ ಕೆಳಗೆ ಬಿತ್ತು. ಆ ತಟ್ಟೆಯ ಅಂಚನ್ನೇ ನೋಡುತ್ತಾ ನೆಲದ ಮೇಲೆ ಕುಸಿದು ಕೂತರು.

"ಎಲ್ರಿಗಿಂತ ಮೊದ್ಲು ಹೆದರಿಕೆ ಆಗಿದ್ದು ನಂಗೇ ಅಕ್ಕಾರ. ಆ ವಾಲ್ವ್ ಹಳೇ ಟ್ರೈಲರಿಂದು, ನಾನು ಅದನ್ನ ಪರೀಕ್ಷೆ ಮಾಡಿರ್ಲಿಲ್ಲ. ಕತ್ತೆತ್ತಿ ನೋಡಿದಾಗ್ಲೇ ಅದು ನೆನಪಾತು. ಆದ್ರೆ ನೀವು ಜಮಖಾನ ಹಾಸಿ, ಕೈ ಮುಗಿದು ಕರದ್ರಿ. ಬೀಗರ ಮನೇಲಿ ಕೂಡ್ರಿ ಅಂದ್ಮೇಲೆ ಹೆಂಗ್ರಿ ಬ್ಯಾಡ ಅನ್ಲಿ?"

ಇಷ್ಟು ಹೊತ್ತಿನ ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರ ಎದುರು ನೆಲದ ಮೇಲೆ ಕೂತೆ. ಮರ್ಯಾದೆ ಮಾಡುತ್ತೇನೆಂದು ಹೋಗಿ ನಾಲ್ಕು ಜೀವವನ್ನು ಜಮಖಾನದ ಮೇಲೆ ಸಾಲಾಗಿ ಕೂರಿಸಿದ್ದು ನಾನು, ಬುದ್ಧಿವಂತೆ. ಕಲ್ಲೇಶಪ್ಪನವರ ಎಣ್ಣೆ ಹತ್ತಿದ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಅವರೂ ಅತ್ತರು. ಅತ್ತು ಅತ್ತು, ಕಾರಿನ ಕೆಳಗೆ ಕೂತು ಹೋಳಿಗೆ ಬೇಡಿದ ಅವರ ಗುಡುಗು ನೆನಪಾಗಿ ನನಗೆ ನಗು ಬಂತು. ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ಇವರಿಗೆ ಏನಾಗಿದೆ ಎಂದು ನೋಡಿಕೊಂಡು ಹೋದರು.

ಊಟ ಮತ್ತೆ ಒಳಗೆ, ನಡುಮನೆಯಲ್ಲಿ ಬಡಿಸಿದೆ. ನಾಳೆ ಪ್ರೇಮಲತಾಳ ಅಂಗಡಿಗೆ ತಾವೂ ಬರುವುದಾಗಿ, ಲಿಫ್ಟಿನ ಹಲ್ಲುಗಳನ್ನು ತಾವೇ ಒಂದೊಂದಾಗಿ ಪರೀಕ್ಷೆ ಮಾಡುವುದಾಗಿ, ಆಕೆ ಸುಳ್ಳು ಹೇಳಿದರೆ ಕಂಡುಹಿಡಿಯುವುದಾಗಿ ಬೀಗರು ಹೇಳಿದರು. ನಾಲ್ಕು ಕಂಬವನ್ನು ಬಿಚ್ಚಿ ಹರಿಹರದ ಬಸವಣ್ಣನ ಗುಡಿಗೆ ಚಪ್ಪರ ಮಾಡುವುದಾಗಿಯೂ ಗೊತ್ತಾಯಿತು. ಚಪ್ಪರ ಗಟ್ಟಿಯಾಗೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ.

ಬೀಗರಿಗೆ ಬಡಿಸುವಾಗ ಅವರು ಸಾಕು ಎಂದದ್ದನ್ನು ಕಿವಿಗೆ ಹಾಕಿಕೊಳ್ಳಬಾರದು, ಕೈ ಅಡ್ಡ ಇಟ್ಟರೂ ಸರಿಸಿ ಹಾಕಬೇಕು. ನಮ್ಮ ಕಡೆ ಅದೇ ಪ್ರೀತಿ. ಅವರೂ ಬಾಯಲ್ಲಿ ಸಾಕೆಂದು, ಹಾಕಿದ್ದನ್ನು ತಿನ್ನಬೇಕು, ಅದೇ ಮರ್ಯಾದೆ. ನಾನು ಹೋಳಿಗೆ ಹಿಡಿದು ಕೊಟ್ರಮ್ಮನವರ ಮುಂದೆ ಬಗ್ಗಿದೆ. ಅವರು ತಟ್ಟೆಯ ಮೇಲೆ ಎರಡೂ ಕೈ ಇಟ್ಟು, ತಲೆಯೆತ್ತಿ ನನ್ನನ್ನೇ ನೋಡಿದರು.

"ಬ್ಯಾಡ್ರಿ ಬೀಗತಿ," ಎಂದರು. "ಖರೇನೇ ಬ್ಯಾಡ."

ನಾನು ಹೋಳಿಗೆಯನ್ನು ವಾಪಸು ಡಬ್ಬಿಗೆ ಹಾಕಿದೆ.